ಹೊಲದ ತೆನೆ, ಸೆರಗಿನ ತೆನೆ: ಬಾಗಲಕೋಟೆ–ವಿಜಯಪುರ ಸೀಮೆಯನ್ನು ಊಟ ಮತ್ತು ಕಲೆಯ ಮೂಲಕ ಅರಿಯುವ ಬಗೆ

ಬಾದಾಮಿಯ ನಾಲ್ಕು ಗುಹೆಗಳು, ಪಟ್ಟದಕಲ್ಲು, ಐಹೊಳೆ ಎಲ್ಲವನ್ನೂ ಒಂದೇ ಹಗಲಿನಲ್ಲಿ ಮುಗಿಸಿ, ರಾತ್ರಿ ವಿಜಯಪುರ ಸೇರಿ, ಮರುದಿನ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿ ರೈಲು ಹತ್ತುವವರನ್ನು ನಾನು ಬಹಳ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದ ಗೆಳೆಯರ ಕುಟುಂಬವೊಂದನ್ನು ನಾನೇ ಹಾಗೆ ಓಡಾಡಿಸಿದ್ದೆ. ರಾತ್ರಿ ಒಂಬತ್ತಕ್ಕೆ, ಬನಶಂಕರಿಯ ರೊಟ್ಟಿ ಮಾರುವ ಹೆಣ್ಣುಮಕ್ಕಳೆಲ್ಲ ಬುಟ್ಟಿ ಎತ್ತಿಕೊಂಡು ಮನೆ ಸೇರಿದ ಮೇಲೆ, ಅವರು "ಇಲ್ಲಿಯ ವಿಶೇಷ ಊಟ ಎಲ್ಲಿ ಸಿಗುತ್ತದೆ" ಎಂದು ಕೇಳಿದರು. ತೆರೆದಿದ್ದ ಒಂದೇ ಹೋಟೆಲಿನಲ್ಲಿ ನೂಡಲ್ಸ್ ತಿಂದು ಮಲಗಿದೆವು. ಬಾಗಲಕೋಟೆಯಲ್ಲೇ ಹುಟ್ಟಿ ಬೆಳೆದವನಾಗಿ ನನಗೆ ಆ ರಾತ್ರಿ ನಾಚಿಕೆಯಾಯಿತು. ಅಲ್ಲಿಂದ ಮುಂದೆ ಬಂದವರನ್ನು ಕರೆದೊಯ್ಯುವ ಕ್ರಮವನ್ನೇ ಬದಲಿಸಿದೆ. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕ್ರಮ ಇಷ್ಟೇ. ನಮ್ಮ ಸೀಮೆಯಲ್ಲಿ ಅಡುಗೆಮನೆಯೂ ಕಲೆಯೂ ಹಲವು ಮಾತುಗಳನ್ನು ಹಂಚಿಕೊಂಡಿವೆ. ತೆನೆ ಹೊಲದಲ್ಲಿದೆ, ಕೋಟೆಯ ಗೋಡೆಯ ಮೇಲಿದೆ, ಇಳಕಲ್ ಸೀರೆಯ ಸೆರಗಿನಲ್ಲೂ ಇದೆ. ಮೆಂತಿ ಪಲ್ಯದಲ್ಲೂ ಇದೆ, ಕಸೂತಿಯಲ್ಲೂ ಇದೆ. ರಂಜಕವನ್ನು ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ, ಒಂದು ಕಾಲಕ್ಕೆ ಅದನ್ನು ತೋಪಿನ ಕಿವಿಗೂ ತುಂಬುತ್ತಿದ್ದರು. ಇಂಥ ಒಂದು ಮಾತನ್ನು ಹಿಡಿದು ಅದು ಇರುವ ಎರಡೂ ಕಡೆಗೆ ಹೋಗಿ ನೋಡಬೇಕು. ಹೀಗೆ ನೋಡುವವರಿಗೆ ನಾಲ್ಕು ದಿನ ಬೇಕು, ಒಂದು ನೋಟ್‌ಬುಕ್ಕು ಬೇಕು, ಮತ್ತು ಹಸಿವೆ ಬೇಕು.

ಯಾವಾಗ ಬರಬೇಕು

ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಆರು ವಾರಗಳನ್ನು ಬಿಟ್ಟು ಬೇರೆ ಕಾಲವನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಸಿಲು ಕಡಿಮೆ ಎನ್ನುವುದು ಒಂದು ಕಾರಣ ಮಾತ್ರ. ದೊಡ್ಡ ಕಾರಣ ಜೋಳ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತುತ್ತಾರೆ, ಆಮೇಲೆ ಮಳೆ ಬರದಿದ್ದರೂ ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ಹಸಿಯಲ್ಲೇ ಅದು ಬೆಳೆಯುತ್ತದೆ. ಹೊಸ ವರ್ಷದ ಹೊತ್ತಿಗೆ ತೆನೆಯಲ್ಲಿ ಹಾಲುಗಾಳು ತುಂಬಿರುತ್ತದೆ. ಆಗ ಹೊಲದಲ್ಲೇ ಕುಳ್ಳಿನ ಬೆಂಕಿಯಲ್ಲಿ ತೆನೆಯನ್ನು ಸುಟ್ಟು, ಅಂಗೈಯಲ್ಲಿ ತಿಕ್ಕಿ, ಉದುರಿದ ಹಸಿರು ಕಾಳನ್ನು ಬೆಲ್ಲ ಅಥವಾ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಜೊತೆ ತಿನ್ನುತ್ತಾರೆ, ಅದೇ ಸೀತನಿ. ಸೀತನಿಯನ್ನು ಹೋಟೆಲಿನಲ್ಲಿ ಹುಡುಕಬೇಡಿ. ರಸ್ತೆಬದಿಯ ಹೊಲದಲ್ಲಿ ಹೊಗೆ ಕಂಡರೆ ಗಾಡಿ ನಿಲ್ಲಿಸಿ ಮಾತನಾಡಿಸಿ. ಕರೆದು ಕೂರಿಸದ ರೈತನನ್ನು ನಾನು ಇನ್ನೂ ಕಂಡಿಲ್ಲ.

ಇದೇ ಅವಧಿಯಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬರುತ್ತದೆ. ಆ ದಿನ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು, ಈಗ ಹೆಚ್ಚಾಗಿ ಟ್ರ್ಯಾಕ್ಟರಿನಲ್ಲಿ, ಹೊಲಕ್ಕೆ ಹೋಗಿ, ಮಾಡಿಕೊಂಡು ಒಯ್ದ ಅಡುಗೆಯನ್ನು ಬೆಳೆಯ ಸಾಲುಗಳಿಗೆ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಸಜ್ಜಿ ರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಎಳ್ಳು ಹಾಗೂ ಶೇಂಗಾ ಹೋಳಿಗೆ ಎಲ್ಲ ಒಂದೇ ಎಲೆಯಲ್ಲಿ ಸಿಗುವ ದಿನ ವರ್ಷದಲ್ಲಿ ಇದೊಂದೇ ಎಂದರೂ ತಪ್ಪಾಗದು. ಪುಷ್ಯದ ಹುಣ್ಣಿಮೆಗೆ, ಅಂದರೆ ಬನದ ಹುಣ್ಣಿಮೆಗೆ, ಬಾದಾಮಿಯಿಂದ 5 ಕಿ.ಮೀ. ದೂರದ ಚೊಳಚಗುಡ್ಡದಲ್ಲಿ ಬನಶಂಕರಿಯ ಜಾತ್ರೆ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಎಂದು ವಿಜಯಪುರದವರು ಡೋಣಿ ನದಿಯ ಸಾಲನ್ನು ಕುರಿತು ಹೇಳುವ ಗಾದೆಯ ಅರ್ಥ ಈ ಆರು ವಾರಗಳಲ್ಲಿ ಕಣ್ಣಿಗೇ ಕಾಣುತ್ತದೆ.

ಬಾದಾಮಿಗೆ ಎರಡು ದಿನ, ಗುಳೇದಗುಡ್ಡ–ಇಳಕಲ್‌ಗೆ ಒಂದು, ವಿಜಯಪುರಕ್ಕೆ ಒಂದು ದಿನ ಇಟ್ಟುಕೊಳ್ಳಿ. ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಮೊದಲು ಬುಟ್ಟಿಯ ಮುಂದೆ ಕುಳಿತುಕೊಳ್ಳಿ

ಗುಹೆಗಳಿಗಿಂತ ಮೊದಲು ಬನಶಂಕರಿಗೆ ಹೋಗಿ. ದೇವಸ್ಥಾನದ ಎದುರಿನ ಹರಿದ್ರಾತೀರ್ಥದ ಸುತ್ತ, ಮರದ ನೆರಳಿನಲ್ಲಿ, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಇಳಿಸಿಕೊಂಡು ಕುಳಿತಿರುತ್ತಾರೆ. "ರೊಟ್ಟಿ ಉಣ್ಣಬರ್ರಿ ಅಣ್ಣಾ, ಬಿಸಿ ಝುಣಕ ಐತ್ರಿ" ಎಂದು ಕರೆಯುತ್ತಾರೆ. ಇಲ್ಲಿ ಅವಸರ ಮಾಡಬಾರದು. ಒಬ್ಬರ ಮುಂದೆ ಕುಳಿತು, ಅವರು ಬಡಿಸಿದ ಕ್ರಮದಲ್ಲೇ ಉಂಡು, ಪ್ರತಿಯೊಂದರ ಹೆಸರನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.

ನಾನು ಕಳೆದ ಸಲ ಬರೆದುಕೊಂಡದ್ದು ಹೀಗಿದೆ: ಜೋಳದ ಖಡಕ್ ರೊಟ್ಟಿ ಎರಡು, ಕಡಲೆಹಿಟ್ಟಿನ ಝುಣಕ, ಮಡಿಕೆಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಈಗ ಪ್ರತಿ ಹೆಸರಿನ ಎದುರಿಗೆ ಅದು ಎಲ್ಲಿಂದ ಬಂತು ಎಂದು ಬರೆಯಿರಿ. ಬದನೆಯೂ ಮಡಿಕೆಯೂ ನಮ್ಮ ದೇಶದವೇ. ಜೋಳದ ತವರು ಆಫ್ರಿಕಾ. ಆದರೆ ಸಾವಿರಾರು ವರ್ಷಗಳ ಹಿಂದೆಯೇ ಅದು ಇಲ್ಲಿಗೆ ಬಂದು ನೆಲೆಯೂರಿದೆ. ಗುರೆಳ್ಳು ಇಥಿಯೋಪಿಯಾದ್ದು, ಅಗಸಿ ಪಶ್ಚಿಮ ಏಷ್ಯಾದ್ದು. ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕದವು. ಪೋರ್ಚುಗೀಸರ ಹಡಗುಗಳು ಬಂದ ಮೇಲಷ್ಟೇ ಈ ನೆಲಕ್ಕೆ ಕಾಲಿಟ್ಟವು. ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಆಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದು 1510ರಲ್ಲಿ. ಅಂದರೆ ನಾವು "ಅಪ್ಪಟ ಉತ್ತರ ಕರ್ನಾಟಕ" ಎಂದು ಎದೆ ತಟ್ಟಿಕೊಳ್ಳುವ ಶೇಂಗಾ ಹಿಂಡಿಯಲ್ಲಿ ಶೇಂಗಾ, ಒಣಮೆಣಸಿನಕಾಯಿ ಎರಡೂ ಪರದೇಶಿ. ಬೆಳ್ಳುಳ್ಳಿ, ಜೀರಿಗೆ, ಉಪ್ಪು ಮಾತ್ರ ಹಳಬರು.

ದೇವಿಯ ಇನ್ನೊಂದು ಹೆಸರು ಶಾಕಾಂಬರಿ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಜನರನ್ನು ಸಾಕಿದವಳು ಎಂಬುದು ಪುರಾಣ. ಜಾತ್ರೆಯ ಹೊತ್ತಿಗೆ ನಡೆಯುವ ಪಲ್ಯೇದ ಹಬ್ಬದಲ್ಲಿ ಆಕೆಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ ಸಲ್ಲುತ್ತದೆ. ಅದೇ ಜಾತ್ರೆಯ ಬಯಲಿನಲ್ಲಿ ನಾಟಕ ಕಂಪನಿಗಳ ಟೆಂಟುಗಳು ಸಾಲಾಗಿ ನಿಂತಿರುತ್ತವೆ, ಆಟ ಬೆಳಗಿನವರೆಗೂ ನಡೆಯುತ್ತದೆ. ಹಗಲು ಪಲ್ಯ, ರಾತ್ರಿ ನಾಟಕ. ನಿಮ್ಮ ನೋಟ್‌ಬುಕ್ಕಿನಲ್ಲಿ ಎರಡನ್ನೂ ಒಂದೇ ಪುಟದಲ್ಲಿ ಬರೆಯಿರಿ.

ಗುಹೆಯ ಶಾಸನದಲ್ಲಿ ಒಂದು ಊಟ

ಉಂಡ ಮೇಲೆ ಗುಹೆಗೆ ಹೋಗಿ. ಮಿಕ್ಕ ರೊಟ್ಟಿಯ ಗಂಟನ್ನು ಮಾತ್ರ ಗಾಡಿಯಲ್ಲೇ ಬಿಡಿ. ಮೆಟ್ಟಿಲುಗಳ ಮೇಲಿನ ಮಂಗಗಳು ಪ್ಲಾಸ್ಟಿಕ್ ಚೀಲದ ಸಪ್ಪಳವನ್ನು ನಮಗಿಂತ ಚೆನ್ನಾಗಿ ಬಲ್ಲವು.

ಒಂದನೆಯ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಎಲ್ಲರೂ ನೋಡುತ್ತಾರೆ, ಅದನ್ನು ನಾನು ಹೇಳಬೇಕಾಗಿಲ್ಲ. ನಿಮ್ಮ ಹೆಚ್ಚಿನ ಸಮಯವನ್ನು ಮೂರನೆಯ ಗುಹೆಗೆ ಕೊಡಿ. ಮೊದಲು ಕೆಳಗೆ ನೋಡಿ. ಜಗುಲಿಯ ಅಡಿಪಟ್ಟಿಯಲ್ಲಿ ಡೊಳ್ಳುಹೊಟ್ಟೆಯ ಗಣಗಳು ಸಾಲಾಗಿ ಕುಣಿಯುತ್ತಿವೆ, ಉಂಡು ತೇಗಿದವರ ಹಾಗೆ. ಆಮೇಲೆ ಮೇಲೆ ನೋಡಿ. ಮುಂಚಾಚಿನ ಒಳಬದಿಯಲ್ಲಿ ಬಣ್ಣದ ಚಿತ್ರಗಳ ಅಳಿದುಳಿದ ಗುರುತುಗಳಿವೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದು ನಿಮಿಷವಾದರೂ ಸುಮ್ಮನೆ ನಿಲ್ಲದಿದ್ದರೆ ಅವು ಕಾಣುವುದಿಲ್ಲ. ಫ್ಲಾಶ್ ಬಳಸಲೇಬಾರದು, ಗೋಡೆಗೆ ಕೈ ತಾಗಿಸಬಾರದು.

ಆಮೇಲೆ ಶಾಸನ. ಶಕ 500, ಅಂದರೆ ಕ್ರಿ.ಶ. 578ರ ಈ ಸಂಸ್ಕೃತ ಶಾಸನವನ್ನು ಬರೆಸಿದವನು ಚಾಲುಕ್ಯ ಮಂಗಲೇಶ. ಆಗ ಆಳುತ್ತಿದ್ದವನು ಅವನ ಅಣ್ಣ ಒಂದನೆಯ ಕೀರ್ತಿವರ್ಮ. ಕಾಲ ಖಚಿತವಾಗಿ ತಿಳಿದಿರುವ ಗುಹೆ ಎಂದು ಇದನ್ನು ಕಲೆಯ ಚರಿತ್ರೆ ಬರೆಯುವವರು ಬಹಳ ಬಳಸಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರಲ್ಲಿನ ದತ್ತಿಯ ವಿವರ. ವಿಷ್ಣುವಿನ ಈ ಗುಹಾಲಯವನ್ನು ಮುಗಿಸಿ ಮಂಗಲೇಶ ಒಂದು ಹಳ್ಳಿಯನ್ನು ಬಿಟ್ಟುಕೊಡುತ್ತಾನೆ. ಅದರ ಉತ್ಪನ್ನದಲ್ಲಿ ದಿನವೂ 16 ಮಂದಿ ಬ್ರಾಹ್ಮಣರ ಊಟ ನಡೆಯಬೇಕು, ಉಳಿದದ್ದು ಅಲೆದಾಡುವ ಪರಿವ್ರಾಜಕರ ಊಟಕ್ಕೆ ಸಲ್ಲಬೇಕು. ಕಂಬ, ಶಿಲ್ಪ, ಚಿತ್ರ ಎಲ್ಲ ಮುಗಿದ ಮೇಲೆ ಮಂಗಲೇಶ ಕಡೆಯದಾಗಿ ಏರ್ಪಡಿಸಿದ್ದು ಊಟವನ್ನು. ಅದೇ ಗುಹೆಯ ಬಳಿಯ ಅವನ ಕನ್ನಡ ಶಾಸನ ಗುಹೆಯನ್ನು ಕರೆಯುವುದು "ಕಲ್ಮನೆ" ಎಂದು. ಕಲ್ಲಿನ ಮನೆ. ಮನೆ ಎಂದ ಮೇಲೆ ಒಲೆ ಹೊತ್ತಲೇಬೇಕಲ್ಲ!

ನೋಟ್‌ಬುಕ್ಕಿನಲ್ಲಿ ಇಲ್ಲಿ ಒಂದು ಲೆಕ್ಕ ಹಾಕಿ. 578ರ ಆ ಊಟದಲ್ಲಿ ಖಾರ ಎಲ್ಲಿಂದ ಬಂದಿರಬೇಕು? ಮೆಣಸಿನಕಾಯಿ ಬರಲು ಇನ್ನೂ ಸುಮಾರು ಒಂದು ಸಾವಿರ ವರ್ಷ ಬಾಕಿ. ಉಳಿದದ್ದು ಕರಿಮೆಣಸು ಮತ್ತು ಶುಂಠಿ. ನಾವು "ಮೆಣಸಿನ ಕಾಯಿ" ಎಂದು ಹೊಸಬನನ್ನು ಕರೆದದ್ದೇ ಹಳೆಯ ಮೆಣಸಿನ ಹೆಸರಿನಿಂದ. ಘಟ್ಟದ ಮೆಣಸು ಬಯಲುಸೀಮೆಯ ಅಡುಗೆಮನೆ ಸೇರಬೇಕಾದರೆ ವ್ಯಾಪಾರಿಗಳು ಬೇಕು, ಆ ವ್ಯಾಪಾರಿಗಳ ಊರು ಇಲ್ಲೇ ಹತ್ತಿರದಲ್ಲಿದೆ. ಐಹೊಳೆಯನ್ನು ಜನ ದೇವಾಲಯಗಳಿಗಾಗಿ ನೋಡುತ್ತಾರೆ; ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ತನ್ನ ಹೆಸರಿನಲ್ಲೇ ಆ ಊರನ್ನು ಹೊತ್ತುಕೊಂಡು ದಕ್ಷಿಣ ಭಾರತವೆಲ್ಲ ಸುತ್ತಿತು. ಆ ಸಂಘದ ಶಾಸನಗಳಲ್ಲಿ ಏಲಕ್ಕಿ, ಲವಂಗ, ಗಂಧ, ಕರ್ಪೂರಗಳು ಆನೆ ಕುದುರೆಗಳ ಪಕ್ಕದಲ್ಲೇ ಬರುತ್ತವೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಒಂದೇ ಕೆಲಸ ಮಾಡಿ: ಶಿಲ್ಪಗಳ ಪಕ್ಕದಲ್ಲಿ ಕೊರೆದ ಶಿಲ್ಪಿಗಳ ಹೆಸರುಗಳನ್ನು ಹುಡುಕಿ. ಬಲದೇವ, ಚೆಂಗಮ್ಮ ಎಂಬ ಹೆಸರುಗಳು ಸಿಗುತ್ತವೆ. ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯಲ್ಲಿ ಕೆಲಸಗಾರರ ಹೆಸರೂ ಉಳಿದಿರುವುದು ಸಣ್ಣ ಮಾತಲ್ಲ.

ಬಂಡೆಯ ಮೇಲಿನ ಪದ, ಬೀಸುಕಲ್ಲಿನ ಪದ

ಈ ಇಡೀ ಪ್ರವಾಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಾದಾಮಿಯ ಅಗಸ್ತ್ಯತೀರ್ಥದ ಆಚೆ ದಡದಲ್ಲಿ, ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿಗಳು ಇಲ್ಲಿವೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲು ಶಾಲೆಯ ಪುಸ್ತಕದಿಂದ ಎಲ್ಲರಿಗೂ ಗೊತ್ತು. ಆದರೆ ಆ ಛಂದಸ್ಸು ಬಂಡೆಯಿಂದ ಇಳಿದು ಎಲ್ಲಿಗೆ ಹೋಯಿತು ಎಂಬುದನ್ನು ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ಅದು ಬೀಸುವ ಕಲ್ಲಿನ ಬಳಿಗೆ ಹೋಯಿತು. ಅಥವಾ ಅಲ್ಲಿಂದಲೇ ಬಂಡೆಗೆ ಹತ್ತಿತ್ತು ಎಂದು ನಾನು ನಂಬುತ್ತೇನೆ. ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದ ಹೆಂಗಸರು ಹಾಡಿದ ಬೀಸುವ ಪದಗಳು ತ್ರಿಪದಿಗಳೇ. ಮೂರು ಸಾಲು, ನಡುವಿನ ಸಾಲನ್ನು ಹಾಡುವಾಗ ಮತ್ತೆ ಎತ್ತಿಕೊಳ್ಳುವುದರಿಂದ ಕಿವಿಗೆ ನಾಲ್ಕಾಗಿ ಕೇಳುತ್ತದೆ. ಕಲ್ಲಿನ ಸುತ್ತಿಗೂ ಉಸಿರಿಗೂ ಅಷ್ಟೇ ಹೊಂದುತ್ತದೆ.

ಬೀಸುವ ಪದ ಕೇಳಬೇಕೆಂದರೆ ಹೇಗೆ ಕೇಳಬೇಕು ಎಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಬಾದಾಮಿ ತಾಲೂಕಿನ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯ ಮುಂದೆ ಫೋನು ಹಿಡಿದು "ಅಮ್ಮಾ, ಒಂದು ಜನಪದ ಗೀತೆ ಹಾಡ್ರಿ" ಎಂದೆ. ಅಜ್ಜಿ ಸೆರಗು ಸರಿಪಡಿಸಿಕೊಂಡು ರೇಡಿಯೊದಲ್ಲಿ ಕೇಳಿದ್ದ ಸಿನಿಮಾ ಹಾಡೊಂದನ್ನು ಹಾಡಿದರು. ಜನಪದ ಗೀತೆ ಎಂಬ ಮಾತು ನಮ್ಮದು, ಅವರದಲ್ಲ. "ಬೀಸೂ ಪದ ಗೊತ್ತದಾವೇನ್ರಿ" ಎಂದು ಕೇಳಿದಾಗ, "ಕಲ್ಲಿಲ್ದ ಹೆಂಗ ಬರ್ತಾವೋ ತಮ್ಮಾ" ಎಂದರು. ಹಿತ್ತಲಲ್ಲಿ ಕೋಳಿಗಳಿಗೆ ನೀರಿಡಲು ಬಳಸುತ್ತಿದ್ದ ಕಲ್ಲನ್ನು ತೊಳೆದು, ಒಳಗೆ ತಂದು, ಗೂಟ ಬಡಿದು, ಒಂದು ಬೊಗಸೆ ಜೋಳ ಹಾಕಿದೆವು. ಗೂಟ ಕೈಗೆ ಸಿಕ್ಕಿದ ಮೇಲೆ ಅಜ್ಜಿ ನಲವತ್ತು ನಿಮಿಷ ನಿಲ್ಲಿಸಲಿಲ್ಲ. ಸೊಸೆ ಎದುರಿಗೆ ಕುಳಿತು ಇನ್ನೊಂದು ಕೈ ಹಾಕಿದರು. ತಾನು ಹಾಡುತ್ತಿದ್ದುದನ್ನು ಅಜ್ಜಿ ಹಾಡು ಎಂದು ಕರೆಯಲೇ ಇಲ್ಲ. ಹಿಟ್ಟು ನುಣ್ಣಗೆ ಬಂತೋ ಇಲ್ಲವೋ ಎಂದಷ್ಟೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಆದ್ದರಿಂದ ನಿಮಗೆ ಹೇಳುವುದಿಷ್ಟು. ಪರಿಚಯದವರೊಬ್ಬರ ಮೂಲಕ ಹೋಗಿ. ಜೋಳವನ್ನು ನೀವೇ ಕೊಂಡೊಯ್ಯಿರಿ, ಎರಡು ಸೇರು ಸಾಕು. ಕಲ್ಲಿಗೆ ನೀವೂ ಕೈ ಹಾಕಿ. ಹತ್ತು ನಿಮಿಷದಲ್ಲಿ ಹೆಗಲು ನೋಯಲು ತೊಡಗಿದಾಗ ಪದ ಏಕೆ ಬೇಕಿತ್ತು ಎಂಬುದು ತಾನಾಗಿ ತಿಳಿಯುತ್ತದೆ. ಧ್ವನಿಮುದ್ರಣ ಮಾಡುವ ಮೊದಲು ಒಪ್ಪಿಗೆ ಕೇಳಿ, ಮಾಡಿದ್ದನ್ನು ಅವರಿಗೆ ಕೇಳಿಸಿ. ಬೀಸಿದ ಹಿಟ್ಟನ್ನು ಅಲ್ಲೇ ಎಸರಿಟ್ಟು ನಾದಿ, ರೊಟ್ಟಿ ಬಡಿಯುವುದನ್ನೂ ನೋಡಿ. ಅದರ ತಾಳ ಬೇರೆ, ಅದನ್ನು ಬರಹದಲ್ಲಿ ಹಿಡಿಯಲು ನನಗೆ ಬಂದಿಲ್ಲ. ಶಾಸನದ ವಿಷಯದಲ್ಲೂ ಒಂದು ಮಾತು: ಅಕ್ಷರಗಳು ಎದ್ದು ಕಾಣಲೆಂದು ಸುಣ್ಣದ ಬಳಪ, ಹಿಟ್ಟು ತಿಕ್ಕುವವರನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ. ಓರೆಬಿಸಿಲು ಬೀಳುವ ಹೊತ್ತಿನಲ್ಲಿ ಹೋದರೆ ಅಕ್ಷರಗಳು ತಾವೇ ನೆರಳು ಹಿಡಿದು ಕಾಣಿಸಿಕೊಳ್ಳುತ್ತವೆ.

ಸೆರಗನ್ನು ಓದುವುದು

ಮೂರನೆಯ ದಿನ ಗುಳೇದಗುಡ್ಡದ ಮೂಲಕ ಇಳಕಲ್‌ಗೆ ಹೋಗಿ. ಗುಳೇದಗುಡ್ಡದ್ದು ಕಣ, ಅಂದರೆ ಕುಪ್ಪಸದ ಬಟ್ಟೆ; ಇಳಕಲ್‌ದು ಸೀರೆ. ಎರಡನ್ನೂ ಕೂಡಿಸಿ ಉಟ್ಟರೇ ಹಳ್ಳಿಯ ಹಿರಿಯರಿಗೆ ಉಡುಗೆ ಪೂರ್ಣ. ದಾರಿಯಲ್ಲಿ ಅಮೀನಗಡ ಬರುತ್ತದೆ, ಕರದಂಟಿನ ಊರು. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳನ್ನು ಬೆಲ್ಲದ ಪಾಕದಲ್ಲಿ ಹಿಡಿದಿಡುವ ಆ ಸಿಹಿಗೆ ಕರಿದ ಅಂಟಿನಿಂದಲೇ ಕರದಂಟು ಎಂಬ ಹೆಸರು. ಮರದ ಅಂಟು ಚಿತ್ರಕಾರರ ಸಾಮಗ್ರಿಯೂ ಹೌದು. ಕಾಗದದ ಮೇಲಿನ ಕಿರುಚಿತ್ರಗಳಲ್ಲಿ ಬಣ್ಣದ ಪುಡಿಯನ್ನು ಹಿಡಿದಿಟ್ಟಿದ್ದು ಅದೇ. ಅರ್ಧ ಕಿಲೋ ಕಟ್ಟಿಸಿಕೊಳ್ಳಿ, ಮುಂದೆ ವಿಜಯಪುರದವರೆಗೂ ಆಗುತ್ತದೆ.

ಇಳಕಲ್‌ನಲ್ಲಿ ಅಂಗಡಿಗೆ ಹೋಗುವ ಮೊದಲು ಮಗ್ಗದ ಮನೆಗೆ ಹೋಗಬೇಕು. ಸೀರೆಯ ಮೈಯ ಹಾಸುನೂಲು ಬೇರೆ, ಸೆರಗಿನದು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಇಳಕಲ್ ನೇಕಾರಿಕೆಯ ಗುಟ್ಟೇ ಈ ಕೊಂಡಿ. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿಯ ಆಕೃತಿಗಳು ಅಡ್ಡ ಸಾಲಾಗಿ ಬರುತ್ತವೆ. ನೇಕಾರರನ್ನು ಅವುಗಳ ಹೆಸರು ಕೇಳಿ. ಒಂದು ಹಣಿಗೆ, ಅಂದರೆ ಬಾಚಣಿಗೆಯ ಹಲ್ಲು. ಇನ್ನೊಂದು ಕೋಟೆ. ಮತ್ತೊಂದು ರಂಪ, ಗುಡ್ಡದ ಸಾಲು. ಮತ್ತೆ ಒಂದು ತೆನೆ, ಜೋಳದ ತೆನೆ. ಟೋಪತೆನಿ ಸೆರಗು ಎಂಬ ಹೆಸರಿನಲ್ಲೇ ಅದು ಸೇರಿಕೊಂಡಿದೆ. ಕನ್ನಡದಲ್ಲಿ ತೆನೆ ಎಂದರೆ ಕಾಳಿನ ಗೊಂಚಲೂ ಹೌದು, ಕೋಟೆಗೋಡೆಯ ಮೇಲಿನ ಮೊನಚಾದ ಸಾಲೂ ಹೌದು. ಬಾದಾಮಿಯ ಬೆಟ್ಟದ ಮೇಲಿನ ಕೋಟೆಯನ್ನು ಕಂಡು, ದಾರಿಯುದ್ದಕ್ಕೂ ಜೋಳದ ಹೊಲಗಳನ್ನು ದಾಟಿ ಬಂದವರಿಗೆ ಈ ಸೆರಗು ತಾವು ಬಂದ ದಾರಿಯ ನಕ್ಷೆಯ ಹಾಗೆ ಕಾಣುತ್ತದೆ. ನೇಕಾರರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವರಿಗೆ ಅದು ಎಣಿಸಬೇಕಾದ ಎಳೆ.

ಸೀರೆಯ ಮೇಲೆ ಕಸೂತಿ ಹಾಕಿದ್ದು ಸಿಕ್ಕರೆ ಹಿಂದುಮುಂದು ಮಾಡಿ ನೋಡಿ. ಗವಂತಿ ಹೊಲಿಗೆಯಲ್ಲಿ ಎರಡೂ ಬದಿ ಒಂದೇ ಥರ ಕಾಣಬೇಕು, ಗಂಟು ಎಲ್ಲೂ ಇರಬಾರದು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ನೇಗಿ ನೇಯ್ದ ಹಾಗೆ ಕಾಣುತ್ತದೆ. ನಾಲ್ಕನೆಯದು ಮೆಂತಿ, ಗುಣಾಕಾರದ ಗುರುತಿನಂಥ ಪುಟ್ಟ ಹೊಲಿಗೆ, ಮೆಂತೆಕಾಳು ಚೆಲ್ಲಿದ ಹಾಗೆ. ನಮ್ಮ ತಾಯಿಗೆ ಕಸೂತಿ ಕಲಿಸಿದ ಸೋದರತ್ತೆ "ಮೆಂತಿ ಹೆಚ್ಚಾದ್ರ ಸೀರಿ ಭಾರ 'ಆಕ್ಕೈತಿ', ಪಲ್ಯಾದಾಗ ಹೆಚ್ಚಾದ್ರ ಕಹಿ 'ಆಕ್ಕೈತಿ'" ಎನ್ನುತ್ತಿದ್ದರಂತೆ.

ಕೊಳ್ಳುವುದಾದರೆ ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ನೇರವಾಗಿ ಕೇಳಿ, ಕೊಂಡಿಯ ಜೋಡಣೆಯನ್ನು ತೋರಿಸಲು ಹೇಳಿ, ಬೆಲೆಯಲ್ಲಿ ಜಗ್ಗಾಡಬೇಡಿ.

ವಿಜಯಪುರದಲ್ಲಿ ರಂಜಕ ಮತ್ತು ರಸ

ನಾಲ್ಕನೆಯ ದಿನ ಬೆಳಿಗ್ಗೆ ಗೋಳಗುಮ್ಮಟಕ್ಕಲ್ಲ, ಷೇರ್ಜಾ ಬುರುಜಿಗೆ ಹೋಗಿ. ಅಲ್ಲಿ ಮಲಿಕ್-ಎ-ಮೈದಾನ್ ತೋಪಿದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಬಾಯಿಯಲ್ಲಿ ಆನೆಯನ್ನು ಕಚ್ಚಿ ಹಿಡಿದ ಸಿಂಹದ ಆಕಾರ. ಬಾಯಿಯನ್ನು ಎಲ್ಲರೂ ನೋಡುತ್ತಾರೆ, ನೀವು ಹಿಂಬದಿಗೆ ಹೋಗಿ ಕಿವಿಯನ್ನು ನೋಡಿ. ಕಿಡಿ ಮುಟ್ಟಿಸಲು ತೋಪಿನ ಕಿವಿಗೆ ಹಾಕುವ ಮದ್ದಿಗೆ ರಂಜಕ ಎಂದು ಹೆಸರು. ಮೊನ್ನೆ ಬನಶಂಕರಿಯಲ್ಲಿ ರೊಟ್ಟಿಯ ಮೇಲೆ ಬಡಿಸಿಕೊಂಡ ಕೆಂಪು ಚಟ್ನಿಗೂ ಅದೇ ಹೆಸರು. ಹಸಿ ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ನಿಂಬೆರಸದೊಂದಿಗೆ ರುಬ್ಬಿದ ಆ ಚಟ್ನಿಗೆ ಹೆಸರಿಟ್ಟವರು ಯಾರೋ, ಅವರಿಗೆ ತೋಪೂ ಗೊತ್ತಿತ್ತು, ನಾಲಿಗೆಯೂ ಗೊತ್ತಿತ್ತು.

ಅಲ್ಲಿಂದ ಇಬ್ರಾಹಿಂ ರೋಜಾ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಗೋರಿ. ಅವನು 1580ರಿಂದ 1627ರವರೆಗೆ ಆಳಿದವನು. ಅವನ ಕಿತಾಬ್-ಎ-ನೌರಸ್ ಹಾಡುಗಳ ಪುಸ್ತಕ, ಭಾಷೆ ದಖನಿ, ಮೊದಲ ಸ್ತುತಿಗಳಲ್ಲಿ ಸರಸ್ವತಿಯೂ ಗಣಪತಿಯೂ ಇದ್ದಾರೆ. 1599ರಲ್ಲಿ ಪಟ್ಟಣದ ಪಶ್ಚಿಮಕ್ಕೆ ಅವನು ಕಟ್ಟಲಾರಂಭಿಸಿದ ಊರಿನ ಹೆಸರೂ ನೌರಸಪುರ. ನೌರಸ್ ಎಂದರೆ ನವರಸ. ರಸ ಎಂಬ ಮಾತು ಹಣ್ಣಿನಲ್ಲಿರುವುದಕ್ಕೂ ಸಾರಿನ ರುಚಿಗೂ ನಾಟ್ಯದ ಭಾವಕ್ಕೂ ಒಂದೇ ಆದ್ದರಿಂದ ಇವನ ಹೆಸರಿನ ಹುಚ್ಚು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ರೋಜಾದಲ್ಲಿ ಒಂದು ಕಿಟಕಿಯ ಮುಂದೆ ನಿಲ್ಲಿ. ಕಲ್ಲಿನ ಜಾಲರಿ ಎಂದು ಕಾಣುವುದು ನಿಜಕ್ಕೂ ಅರಬ್ಬಿ ಅಕ್ಷರಗಳು, ಬೆಳಕು ಅಕ್ಷರಗಳ ಸಂದಿನಿಂದ ಒಳಗೆ ಬರುತ್ತದೆ.

ಮಧ್ಯಾಹ್ನ ಸಿಂದಗಿ ರಸ್ತೆಯಲ್ಲಿ ಕುಮಟಗಿಗೆ ಹೋಗಿ ಬನ್ನಿ. ಕೆರೆಯ ಪಕ್ಕದ ಆದಿಲ್‌ಶಾಹಿ ಜಲಮಹಲುಗಳ ಗೋಡೆಗಳಲ್ಲಿ ಕುದುರೆಯೇರಿ ಚೆಂಡಾಟವಾಡುವವರ, ಮಲ್ಲರ ಚಿತ್ರಗಳು ಮಸುಕಾಗಿ ಉಳಿದಿವೆ. ಬುತ್ತಿ ಕಟ್ಟಿಕೊಂಡು ಹೋಗಿ, ಆದರೆ ಮಹಲಿನ ಒಳಗೆ ಬಿಚ್ಚಬೇಡಿ, ಕೆರೆದಂಡೆಯಲ್ಲಿ ಮರಗಳಿವೆ. ನಿಮ್ಮ ಭೇಟಿ ಮೊಹರಂ ಹೊತ್ತಿಗೆ ಬಿದ್ದರೆ ಮಾತ್ರ ಪಟ್ಟಣ ಬಿಟ್ಟು ಯಾವುದಾದರೂ ಹಳ್ಳಿಗೆ ಹೋಗಿ. ಅಲಾಯಿ ಕುಣಿಯ, ಅಂದರೆ ಮೊಹರಂಗೆ ತೋಡಿ ಬೆಂಕಿ ಹಾಕುವ ಗುಂಡಿಯ, ಸುತ್ತ ಹೆಜ್ಜೆ ಹಾಕುತ್ತ ಕರ್ಬಲದ ಕತೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳನ್ನು ಅಲ್ಲಿ ಕೇಳಬಹುದು. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಗೋದಿ, ಬೆಲ್ಲದ ಚೊಂಗೆಯನ್ನು ಎಲ್ಲರ ಮನೆಗೂ ಹಂಚುತ್ತಾರೆ.

ಮನೆಗೆ ಬಂದ ಮೇಲೆ

ನಾಲ್ಕು ದಿನ ಬರೆದ ನೋಟ್‌ಬುಕ್ಕನ್ನು ಕಪಾಟಿನಲ್ಲಿಡುವ ಮೊದಲು ಒಂದು ಅಡುಗೆ ಮಾಡಿ. 1510ಕ್ಕಿಂತ ಹಿಂದಿನ ಊಟ. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಬಟಾಟಿ ನಾಲ್ಕನ್ನೂ ಅಡುಗೆಮನೆಯಿಂದ ಹೊರಗಿಡಿ. ಜೋಳದ ರೊಟ್ಟಿ ಮಾಡಿ. ಎಳೆ ಬದನೆಕಾಯಿಗೆ ಹುರಿದ ಎಳ್ಳು, ಗುರೆಳ್ಳು, ಕರಿಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಸೆಹಣ್ಣು, ಚೂರು ಬೆಲ್ಲ ರುಬ್ಬಿ ತುಂಬಿ. ಹುರಳಿಯ ಕಟ್ಟಿಗೆ ಶುಂಠಿ, ಮೆಣಸು ಹಾಕಿ ಕುದಿಸಿ. ಮೊಸರು ಇರಲಿ. ಸಿಹಿ ಬೇಕೆಂದರೆ ಬೆಳಗಾವಿಯ ಕಡೆಯಿಂದ ಮಾಂಡೆ ತರಿಸಿ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಬರೆದ ಮಾನಸೋಲ್ಲಾಸದಲ್ಲಿ ಮಂಡಕ ಎಂಬ ತಿನಿಸಿದೆ. ಅಡುಗೆಯನ್ನು ಹೇಳುವ ಆ ಗ್ರಂಥವೇ ಚಿತ್ರ ಬರೆಯುವ ಬಗೆಯನ್ನೂ ಹೇಳುತ್ತದೆ.

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಇದನ್ನು ಎರಡು ಸಲ ಮಾಡಿದ್ದೇವೆ. ಹಳೆ ಊರಿನ ನಮ್ಮ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋದಾಗ ತಾಯಿ ಬೀಸುಕಲ್ಲನ್ನು ಬಿಡದೆ ಹೊತ್ತು ತಂದಿದ್ದರು, ಆದ್ದರಿಂದ ಹಿಟ್ಟೂ ಕಲ್ಲಿನದೇ. ಮೊದಲ ಸಲ ಎಲ್ಲರೂ ಮೆಚ್ಚಿ ಉಂಡರು. ಕರಿಮೆಣಸಿನ ಖಾರ ನಾಲಿಗೆಯ ತುದಿಗಲ್ಲ, ಗಂಟಲಿಗೆ ಹತ್ತುತ್ತದೆ ಎಂಬುದನ್ನು ಗಮನಿಸಿದವರು ತಾಯಿ. ಎರಡನೆಯ ಸಲ ಅವರು ಅರ್ಧ ರೊಟ್ಟಿ ಮುಗಿಸಿ, ಯಾರಿಗೂ ಹೇಳದೆ ಎದ್ದು ಹೋಗಿ, ರಂಜಕದ ಭರಣಿ ತಂದು ತಾಟಿನ ಪಕ್ಕ ಇಟ್ಟುಕೊಂಡರು. ನೀವು ಮಾಡುವಾಗ ಆ ಭರಣಿಯನ್ನು ಮೊದಲೇ ಎತ್ತರದ ಮಾಡಿನಲ್ಲಿಡಿ.